ಮಷಿನ್ ಬದಲಾಯಿಸೋ ಮುಂಚೆ ಫುಟ್ ಬದಲಾಯಿಸಿ ನೋಡಿ

ಭಾಗ 1

ಮೊದಲನೇ ಫೋಟೋ ಸರಿಯಾಗಿ ನೋಡಿ. ಸ್ಟೀಲ್ ತಟ್ಟೆಯಲ್ಲಿರೋದು ಹನ್ನೊಂದು ಮುರಿದ ಸೂಜಿ. ಆರು ಬ್ಯಾಗ್ ಹೊಲಿಯೋಕೆ ಹೋಗಿ ಮುರಿದಿದ್ದು. ಕೊನೆಯ ಸೂಜಿಯ ಚೂರು ಹಾರಿ ಅಮ್ಮನ ಕನ್ನಡಕಕ್ಕೆ ಟಕ್ ಅಂತ ತಗುಲ್ತು. ಕನ್ನಡಕ ಇಲ್ದಿದ್ರೆ? ಆ ಮಾತು ಬೇಡ ಬಿಡಿ.

ನಮ್ಮದು ಬಳ್ಳಾರಿ. ಜೀನ್ಸ್ ಊರು ಅಂತ ನಿಮಗೆ ಗೊತ್ತಿರುತ್ತೆ. ಇಲ್ಲಿ ಹೊಲಿಯೋ ಘಟಕ ಬೇರೆ, ವಾಷಿಂಗ್ ಘಟಕ ಬೇರೆ, ಉಳಿದ ತುಂಡು ಬಟ್ಟೆ ಮಾರೋರು ಬೇರೆ. ಅಮ್ಮ ಘಟಕಕ್ಕೆ ಹೋಗಲ್ಲ, ಮನೇಲೇ ಬ್ಲೌಸು, ಫಾಲ್ಸು, ಶಾಲೆ ಯೂನಿಫಾರ್ಮ್ ರಿಪೇರಿ. ಹದಿನೆಂಟು ವರ್ಷದ ಕರಿ ಮಷಿನ್ನು, ಕಾಲಲ್ಲಿ ತುಳಿಯೋದು. ಮೂರು ವರ್ಷದ ಹಿಂದೆ ಪಕ್ಕಕ್ಕೆ ಸಣ್ಣ ಮೋಟರ್ ಹಾಕಿಸಿದ್ವಿ.

ಈ ಸಲ ಒಂದು ಅಂಗಡಿಯಿಂದ 60 ಡೆನಿಮ್ ಬ್ಯಾಗ್ ಆರ್ಡರ್ ಬಂತು. ಬಟ್ಟೆ, ಜಿಪ್ಪು, ಒಳಗಿನ ಲೈನಿಂಗು ಎಲ್ಲಾ ಅವರದ್ದೇ, ಹೊಲಿಗೆ ಕೂಲಿ ಒಂದಕ್ಕೆ 90 ರೂಪಾಯಿ. ಅಮ್ಮ ಖುಷಿಯಾಗಿ ಒಪ್ಕೊಂಡ್ಲು. ಆಮೇಲೆ ಆಗಿದ್ದು ಫೋಟೋದಲ್ಲಿದೆ.

ಮಷಿನ್ ಅಂಗಡಿಯವರ ಹತ್ರ ಹೋದ್ವಿ. ಅವರು ಮಷಿನ್ ನೋಡಲೇ ಇಲ್ಲ. "ಅಮ್ಮಾ, ಇದು ಬ್ಲೌಸ್ ಮಷಿನ್ನು, ಜೀನ್ಸ್‌ಗೆಲ್ಲ ಆಗಲ್ಲ. ಇಂಡಸ್ಟ್ರಿಯಲ್ ತಗೊಳ್ಳಿ, 26,000. ಐದು ಸಾವಿರ ಕಟ್ಟಿ, ಉಳಿದದ್ದು ತಿಂಗಳಿಗೆ ಎರಡು ಸಾವಿರದ ಹಾಗೆ ಒಂದು ವರ್ಷ." ಅಮ್ಮ ನನ್ನ ಮುಖ ನೋಡಿದ್ಲು. ನಾನು ಬಿಕಾಂ ಓದ್ತಿದ್ದೀನಲ್ಲ, ಲೆಕ್ಕ ನನಗೆ ಗೊತ್ತಿರುತ್ತೆ ಅನ್ನೋ ನಂಬಿಕೆ ಅವಳಿಗೆ.

ಈ ಸರಣಿ ಆ ಲೆಕ್ಕದ ಬಗ್ಗೆ. ಮತ್ತೆ ಸೂಜಿ ಪಕ್ಕ ಇರೋ ಆ ಪುಟ್ಟ ಕಬ್ಬಿಣದ ಪಾದದ ಬಗ್ಗೆ. ಕ್ಲಾಸಲ್ಲಿ ಹುಡುಗರು ಈಗಾಗಲೇ "ಏನಲೇ ಟೈಲರ್" ಅಂತಾರೆ. ಅನ್ಲಿ.

ಭಾಗ 2

ಲೆಕ್ಕ ಮೊದಲು ಮುಗಿಸಿಬಿಡ್ತೀನಿ.

5,000 ಮುಂಗಡ, 2,000 ಗುಣಿಸು 12 ಅಂದ್ರೆ 24,000. ಒಟ್ಟು 29,000. ಮಷಿನ್ ಬೆಲೆಗಿಂತ 3,000 ಜಾಸ್ತಿ. ಅದಿರ್ಲಿ, ಕಂತಿನಲ್ಲಿ ತಗೊಂಡ್ರೆ ಅಷ್ಟು ಕೊಡಲೇಬೇಕು.

ಒಂದು ಬ್ಯಾಗಿಗೆ 90. ದಾರ, ಸೂಜಿ, ಕರೆಂಟು ಅಂತ 10 ತೆಗೀರಿ. 80 ಉಳೀತು. ತಿಂಗಳ ಕಂತು 2,000 ಕಟ್ಟೋಕೆ 25 ಬ್ಯಾಗ್ ಹೊಲೀಬೇಕು, ಬರೀ ಕಂತಿಗೆ. ಅಮ್ಮನ ಕೈಗೆ ಒಂದು ರೂಪಾಯಿ ಬರೋಕೆ 26ನೇ ಬ್ಯಾಗ್ ಆಗ್ಬೇಕು. ಆರ್ಡರ್ ಇರೋದು 60, ಅದೂ ಒಂದೇ ಸಲಕ್ಕೆ. 60 ಬ್ಯಾಗಿಂದ ಬರೋ 4,800 ಎರಡು ತಿಂಗಳ ಕಂತಿಗೆ ಆಗಿ ಸ್ವಲ್ಪ ಉಳಿಯುತ್ತೆ. ಮೂರನೇ ತಿಂಗಳಿಂದ ಬ್ಲೌಸಿನ ದುಡ್ಡಲ್ಲಿ ಜೀನ್ಸ್ ಮಷಿನ್ ಸಾಕಬೇಕು. ಮುಂಗಡದ ಐದು ಸಾವಿರ ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಅಂಗಡಿಯವರು ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಅವರು ಮಾರೋರು, ಮಾರಿದ್ರು. ಆದರೆ "ಈ ಸೂಜಿ ಯಾಕೆ ಮುರೀತಿದೆ" ಅಂತ ಒಂದು ಪ್ರಶ್ನೆ ಕೇಳ್ಬಹುದಿತ್ತು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಆ ಪ್ರಶ್ನೆಗೆ ಉತ್ತರ ಸಾವಿರ ರೂಪಾಯಿ ಆಸುಪಾಸಲ್ಲಿ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಭಾಗ 3

ಸೂಜಿ ಯಾಕೆ ಮುರೀತು?

ಬಟ್ಟೆ ದಪ್ಪ ಅಂತ, ಅಷ್ಟೇ ಅಂದ್ಕೊಂಡಿದ್ದೆ. ಹಾಗಿದ್ರೆ ಎಲ್ಲಾ ಕಡೆ ಮುರೀಬೇಕಿತ್ತು. ಡೆನಿಮ್ ಎರಡು ಪದರದ ಮೇಲೆ ಅಮ್ಮನ ಮಷಿನ್ ಆರಾಮಾಗಿ ಓಡ್ತಿತ್ತು. ಮುರೀತಿದ್ದಿದ್ದು ಜಾಯಿಂಟ್ ಬರೋ ಜಾಗದಲ್ಲಿ ಮಾತ್ರ. ನಿಮ್ಮ ಪ್ಯಾಂಟ್ ತೆಗೆದು ಒಳತೊಡೆ ಹೊಲಿಗೆ ಮುಟ್ಟಿ ನೋಡಿ. ಎರಡೂ ಬಟ್ಟೆಯ ಅಂಚು ಒಂದರೊಳಗೊಂದು ಮಡಚಿಕೊಂಡಿರುತ್ತೆ, ಅಲ್ಲಿ ನಾಲ್ಕು ಪದರ. ಪ್ಯಾಂಟಿನ ಕೆಳಗಡೆ ಮಡಚುವಾಗ ಬಟ್ಟೆ ಎರಡು ಸಲ ತಿರುಗುತ್ತೆ, ಅಂದ್ರೆ ಮೂರು ಪಟ್ಟು. ನಾಲ್ಕು ಮೂರಲಿ ಹನ್ನೆರಡು. ಅರ್ಧ ಇಂಚು ಜಾಗದಲ್ಲಿ ಮೂರು ಪದರ ಇದ್ದದ್ದು ಹನ್ನೆರಡಾಗಿ, ಮತ್ತೆ ಮೂರಕ್ಕೆ ಇಳಿಯುತ್ತೆ. ನಮ್ಮ ಬ್ಯಾಗಿನಲ್ಲೂ ಹಿಡಿಕೆ ಕೂರಿಸೋ ಜಾಗ ಹೆಚ್ಚೂಕಮ್ಮಿ ಹೀಗೇ.

ಈಗ ಫುಟ್ ಏನು ಮಾಡುತ್ತೆ ನೋಡಿ (ಮೂರನೇ ಫೋಟೋ, ಪಕ್ಕದಿಂದ ತೆಗೆದಿದ್ದು). ಅದು ದೋಣಿ ಥರ. ಮೂತಿ ಗುಡ್ಡ ಹತ್ತುತ್ತೆ, ಹಿಂಭಾಗ ಕೆಳಗೇ ಉಳಿಯುತ್ತೆ. ಫುಟ್ ಓರೆ ಆಯ್ತು. ಬಟ್ಟೆಯನ್ನ ಹಿಂದಕ್ಕೆ ತಳ್ಳೋದು ಕೆಳಗಿರೋ ಹಲ್ಲುಗಳು. ಮೇಲಿಂದ ಫುಟ್ ಸಮವಾಗಿ ಒತ್ತಿದ್ರೆ ಮಾತ್ರ ಹಲ್ಲಿಗೆ ಹಿಡಿತ ಸಿಗೋದು. ಓರೆ ಆದಾಗ ಹಿಡಿತ ಹೋಗುತ್ತೆ, ಬಟ್ಟೆ ಅಲ್ಲೇ ನಿಲ್ಲುತ್ತೆ, ಹೊಲಿಗೆ ಒಂದರ ಮೇಲೊಂದು ಬೀಳುತ್ತೆ. ಆಗ ನಾವು ಏನ್ ಮಾಡ್ತೀವಿ? ಕೈಯಲ್ಲಿ ಬಟ್ಟೆ ಎಳೀತೀವಿ. ಸೂಜಿ ಬಟ್ಟೆಯೊಳಗೆ ಇರುವಾಗಲೇ ಎಳೀತೀವಿ. ಸೂಜಿ ಬಾಗುತ್ತೆ, ಕೆಳಗಿನ ತಟ್ಟೆಗೋ ಶಟಲ್‌ಗೋ ಹೊಡೆಯುತ್ತೆ, ಟಕ್.

ಅಮ್ಮನ ತಪ್ಪಲ್ಲ ಇದು. ಅವಳಿಗೆ ಹೇಳಿಕೊಟ್ಟ ಕ್ಲಾಸಲ್ಲಿ ಆರು ತಿಂಗಳೂ ಕಟೋರಿ ಬ್ಲೌಸ್, ಪ್ರಿನ್ಸೆಸ್ ಕಟ್. ಮಷಿನ್ ಬಗ್ಗೆ ಹೇಳಿದ್ದು ಎಣ್ಣೆ ಎಲ್ಲಿ ಬಿಡಬೇಕು ಅಂತ ಮಾತ್ರ.

ಭಾಗ 4

ಈಗ ನನ್ನ ದಡ್ಡತನ.

ರಾತ್ರಿ ಹನ್ನೊಂದಕ್ಕೆ ಫೋನ್ ಹಿಡ್ಕೊಂಡು 799 ರೂಪಾಯಿಗೆ 32 ಫುಟ್‌ಗಳ ಡಬ್ಬಿ ಆರ್ಡರ್ ಮಾಡಿದೆ. 32 ಅಂದ್ರೆ ಒಂದಕ್ಕೆ 25 ರೂಪಾಯಿ, ಎಂಥಾ ಲಾಭ! ಡಬ್ಬಿ ಬಂತು, ಚಿನ್ನದ ಒಡವೆ ಥರ ಸಾಲಾಗಿ ಜೋಡಿಸಿದ್ರು. ಅರ್ಧಕ್ಕಿಂತ ಜಾಸ್ತಿ ಜಿಗ್‌ಜಾಗ್ ಹೊಲಿಗೆ ಇರೋ ಮಷಿನ್‌ಗಳಿಗೆ. ಅಮ್ಮನದು ನೇರ ಹೊಲಿಗೆ ಮಾತ್ರ, ಸೂಜಿ ಅಕ್ಕಪಕ್ಕ ಹೋಗೋದೇ ಇಲ್ಲ. ಕಾಜಾ ಫುಟ್, ಕಣ್ಣಿಗೆ ಕಾಣದ ಹೊಲಿಗೆ ಹಾಕೋ ಫುಟ್, ಇವೆಲ್ಲ ನಮಗೆ ಷೋಕೇಸಿಗೆ. ಬಹಳಷ್ಟು ಕ್ಲಿಪ್ ಥರ ಟಕ್ಕಂತ ಕೂರೋವು, ಅಮ್ಮನ ಮಷಿನ್‌ಗೆ ಸ್ಕ್ರೂ ಹಾಕಿ ಬಿಗೀಬೇಕು. ಅದಕ್ಕೊಂದು ಹಿಡಿ ಡಬ್ಬಿಯಲ್ಲೇ ಇತ್ತು ಅನ್ನಿ. ಆದರೂ ದಪ್ಪ ಬಟ್ಟೆಗೆ ಅಂತ ಅದರಲ್ಲಿ ಕೆಲಸಕ್ಕೆ ಬಂದದ್ದು ಸೊನ್ನೆ.

ಆದ್ದರಿಂದ ನನ್ನ ಮೊದಲನೇ ಖಡಕ್ ಅಭಿಪ್ರಾಯ: ಡಬ್ಬಿ ಕೊಳ್ಳಬೇಡಿ. ಬೇಕಾದ ಒಂದು ಫುಟ್ ಕೊಳ್ಳಿ.

ಕೊಳ್ಳೋ ಮುಂಚೆ ಒಂದೇ ಒಂದು ಅಳತೆ ತಗೊಳ್ಳಿ. ಫುಟ್ ಕೆಳಗಿಳಿಸಿ, ತಟ್ಟೆಯಿಂದ ಫುಟ್ ಬಿಗಿಯೋ ಸ್ಕ್ರೂ ಮಧ್ಯದವರೆಗೆ ಸ್ಕೇಲ್ ಹಿಡೀರಿ. ಮುಕ್ಕಾಲು ಇಂಚಿನ ಆಸುಪಾಸು ಬಂದ್ರೆ ಲೋ ಶ್ಯಾಂಕ್. ಒಂದು ಇಂಚು ದಾಟಿದ್ರೆ ಹೈ ಶ್ಯಾಂಕ್. ಮನೆ ಮಷಿನ್ ಬಹಳಷ್ಟು ಲೋ, ಇಂಡಸ್ಟ್ರಿಯಲ್ ಬಹಳಷ್ಟು ಹೈ. ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಫುಟ್ ತಟ್ಟೆ ಮುಟ್ಟಲ್ಲ, ಇಲ್ಲಾ ಮೇಲೆತ್ತೋಕೆ ಜಾಗ ಇರಲ್ಲ. ಆನ್‌ಲೈನಲ್ಲಿ "ಎಲ್ಲಾ ಮಷಿನ್‌ಗೂ ಆಗುತ್ತೆ" ಅಂತ ಬರೆದಿರ್ತಾರೆ. ನಂಬಬೇಡಿ, ಸ್ಕೇಲ್ ನಂಬಿ.

ಭಾಗ 5

ಕೊನೆಗೆ ಕೆಲಸ ಮಾಡಿದ್ದು ಏನು? ಇದನ್ನ ಸೇವ್ ಮಾಡ್ಕೊಳ್ಳಿ, ಉದ್ದ ಇದೆ.

ಸೂಜಿ. ಫುಟ್‌ಗಿಂತ ಮೊದಲು ಸೂಜಿ. ಪ್ಯಾಕೆಟ್ ಮೇಲೆ 90/14, 100/16, 110/18 ಅಂತ ಇರುತ್ತಲ್ಲ, ಅದರಲ್ಲಿ ದೊಡ್ಡ ಅಂಕಿ ಅಂದ್ರೆ ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗದಲ್ಲಿ. 100 ಅಂದ್ರೆ ಸರಿಯಾಗಿ ಒಂದು ಮಿಲಿಮೀಟರ್. ಅಮ್ಮ ಬ್ಲೌಸಿನ 14ರಲ್ಲೇ ಡೆನಿಮ್ ಹೊಲೀತಿದ್ಲು. ಜೀನ್ಸ್ ಸೂಜಿ ಅಂತ ಬೇರೆನೇ ಬರುತ್ತೆ, ಮೊನೆ ಚೂಪು, ಮೈ ಗಟ್ಟಿ, ಬಾಗೋದು ಕಡಿಮೆ. 16ರದ್ದು ಐದು ಸೂಜಿ 120 ರೂಪಾಯಿ, ಎರಡು ಪ್ಯಾಕೆಟ್ ತಂದೆ. ಹಳೇ ಸೂಜಿ ಅಂಗಡಿಗೆ ಹಿಡ್ಕೊಂಡೇ ಹೋಗಿ. ಮನೆ ಮಷಿನ್ ಸೂಜಿಯ ತಲೆ ಒಂದು ಬದಿ ಚಪ್ಪಟೆ ಇರುತ್ತೆ, ಇಂಡಸ್ಟ್ರಿಯಲ್‌ದು ಪೂರ್ತಿ ದುಂಡಗೆ. "ಎಲ್ಲಾ ಒಂದೇ ಅಣ್ಣ" ಅಂತ ಕೊಟ್ರೆ ವಾಪಸ್ ಕೊಡಿ.

ರಟ್ಟು. ಹೌದು, ರಟ್ಟು! ಫುಟ್ ಓರೆ ಆಗೋದೇ ಸಮಸ್ಯೆ ಅಂದ್ಮೇಲೆ ಓರೆ ಆಗದ ಹಾಗೆ ಮಾಡಬೇಕು, ಅಷ್ಟೇ. ಇದಕ್ಕೆ ಅಂತಲೇ ಒಂದು ಪ್ಲಾಸ್ಟಿಕ್ ತುಂಡು ಮಾರ್ತಾರೆ, ಹಂಪ್ ಜಂಪರ್ ಅಂತಾರೆ. ಗುಡ್ಡದ ಬುಡಕ್ಕೆ ಬಂದಾಗ ಸೂಜಿ ಬಟ್ಟೆಯೊಳಗೇ ಇಟ್ಟು ಫುಟ್ ಎತ್ತಿ, ಫುಟ್‌ನ ಹಿಂಭಾಗದ ಕೆಳಗೆ ಇದನ್ನ ತಳ್ಳಬೇಕು. ಹಿಂದೆ ಮುಂದೆ ಸಮ ಆಯ್ತು, ಹಲ್ಲಿಗೆ ಹಿಡಿತ ಸಿಕ್ತು. ಗುಡ್ಡ ಇಳಿಯುವಾಗ ತಿರುಗುಮುರುಗು, ಈಗ ಮೂತಿ ಕೆಳಗೆ ಇಡಬೇಕು. ನಾನು ಅದನ್ನೂ ಆರ್ಡರ್ ಮಾಡೋಕೆ ಹೊರಟಿದ್ದೆ. ಅಮ್ಮ ವಿಡಿಯೋ ನೋಡಿ, "ಇಷ್ಟೇನಾ? ತಡಿಯೋ" ಅಂತ ಜೀನ್ಸ್ ತುಂಡನ್ನೇ ನಾಲ್ಕು ಮಡಿಕೆ ಮಾಡಿ ಹೊಲಿದು ಇಟ್ಕೊಂಡ್ಲು. ಇನ್ನೊಂದು ತೆಳ್ಳಗಿರಲಿ ಅಂತ ಮದುವೆ ಕಾರ್ಡಿನ ರಟ್ಟು ಕತ್ತರಿಸಿದ್ಲು. ಖರ್ಚು ಸೊನ್ನೆ. ಐದನೇ ಫೋಟೋದಲ್ಲಿ ಅರ್ಧ ಗಣಪತಿ ಕಾಣ್ತಾನಲ್ಲ, ಅದೇ.

ಕುಟ್ಟಾಣಿ. ಜಾಯಿಂಟ್ ಜಾಗದ ಮೇಲೆ ಬಟ್ಟೆ ಮುಚ್ಚಿ ನಾಲ್ಕು ಏಟು ಹಾಕಿದ್ರೆ ಗುಡ್ಡ ಚಪ್ಪಟೆ ಆಗುತ್ತೆ. ಲೋಹದ ಗುಂಡಿ ಇರೋ ಜಾಗ ಬಿಟ್ಟು. ಪಕ್ಕದ ಮನೆ ಅಕ್ಕ ಮಸಾಲೆ ಕುಟ್ತಿದ್ದೀವಿ ಅಂದ್ಕೊಂಡು ಏನಡಿಗೆ ಅಂತ ಕೇಳ್ಕೊಂಡು ಬಂದ್ರು.

ಕೈಯಲ್ಲಿ ಚಕ್ರ. ಗುಡ್ಡದ ಮೇಲೆ ಮೋಟರ್ ನಿಲ್ಲಿಸಿ ಚಕ್ರವನ್ನ ಕೈಯಲ್ಲೇ ತಿರುಗಿಸಿ ಐದಾರು ಹೊಲಿಗೆ ಹಾಕಿ. ಸಣ್ಣ ಮೋಟರ್‌ಗೆ ನಿಧಾನವಾಗಿ ಓಡುವಾಗ ಬಲ ಇರಲ್ಲ. ಗುಂಯ್ ಅಂತ ಕೂಗಿ ಬಿಸಿಯಾಗುತ್ತೆ, ಆಮೇಲೆ ಒಮ್ಮೆಲೇ ಹಾರುತ್ತೆ. ಹಳೇ ಕಾಲದ ತುಳಿಯೋ ಮಷಿನ್ನೇ ಇಲ್ಲಿ ಜಾಣ ಅನ್ನೋದು ನನ್ನ ಅನಿಸಿಕೆ. ಅಮ್ಮ ಕೊನೆಗೆ ಮೋಟರ್ ಬೆಲ್ಟ್ ತೆಗೆದು ತುಳಿದೇ ಹೊಲಿದ್ಲು.

ಹೊಲಿಗೆ ಉದ್ದ. ಬ್ಲೌಸಿನ ಸಣ್ಣ ಹೊಲಿಗೆ ಡೆನಿಮ್‌ಗೆ ಬೇಡ, ಮೂರೂವರೆ ಮಿಲಿಮೀಟರ್ ಇರಲಿ. ಮೇಲೆ ದಪ್ಪ ದಾರ ಹಾಕೋದಾದ್ರೆ ಬಾಬಿನ್‌ಗೆ ಮಾಮೂಲಿ ದಾರ ಸಾಕು. ತುಂಡು ಬಟ್ಟೆ ಮೇಲೆ ಟೆನ್ಷನ್ ನೋಡ್ಕೊಳ್ಳಿ. ಫುಟ್ ಒತ್ತಡದ ಸ್ಕ್ರೂ ಮಷಿನ್ ತಲೆ ಮೇಲಿರುತ್ತೆ, ಅದನ್ನೂ ಅದೇ ತುಂಡಿನ ಮೇಲೆ ಅರ್ಧರ್ಧ ಸುತ್ತು ತಿರುಗಿಸಿ ನೋಡಿ.

ಭಾಗ 6

ಹಾಗಿದ್ರೆ ಆ ದುಬಾರಿ ಫುಟ್‌ಗಳು?

ವಾಕಿಂಗ್ ಫುಟ್ ತಂದೆ, 640 ರೂಪಾಯಿ. ನೋಡೋಕೆ ಬಿಳಿ ಡಬ್ಬಿ ಥರ, ಪಕ್ಕಕ್ಕೊಂದು ಕೈ. ಆ ಕೈ ಸೂಜಿ ಬಿಗಿಯೋ ಸ್ಕ್ರೂ ಮೇಲೆ ಕೂರುತ್ತೆ, ಸೂಜಿ ಮೇಲೆ ಕೆಳಗೆ ಹೋದ ಹಾಗೆ ಫುಟ್ ಒಳಗಿರೋ ಇನ್ನೊಂದು ಸಾಲು ಹಲ್ಲು ಬಟ್ಟೆಯನ್ನ ಮೇಲಿಂದಲೂ ಹಿಂದಕ್ಕೆ ಎಳೆಯುತ್ತೆ. (ಆ ಸ್ಕ್ರೂ ಬಲಗಡೆಗೆ ಚಾಚಿರಬೇಕು. ಇಲ್ಲಾಂದ್ರೆ ಫುಟ್‌ನ ಕೈಗೆ ಹಿಡ್ಕೊಳ್ಳೋಕೆ ಏನೂ ಇರಲ್ಲ. ಕೊಳ್ಳೋ ಮುಂಚೆ ನೋಡಿ.)

ಇದರಿಂದ ಸೂಜಿ ಮುರಿಯೋದು ನಿಲ್ಲುತ್ತೆ ಅಂದ್ಕೊಂಡಿದ್ದೆ. ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇಲ್ಲ, ಅದರ ಕೆಲಸವೇ ಬೇರೆ. ಮಾಮೂಲಿ ಫುಟ್ ನುಣುಪು, ಕೆಳಗಿನ ಹಲ್ಲು ಕೆಳಗಿನ ಪದರವನ್ನ ತಳ್ಳುತ್ತೆ, ಮೇಲಿನ ಪದರ ಹಿಂದೆ ಬೀಳುತ್ತೆ. ಬ್ಯಾಗಿನ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಬಂದಾಗ ಮೇಲಿನ ಬಟ್ಟೆ ಅರ್ಧ ಇಂಚು ಜಾಸ್ತಿ ಉಳಿದಿರುತ್ತೆ. ಅಮ್ಮ ಇದಕ್ಕೆ "ಬಟ್ಟೆ ಜಾರ್ತೈತೆ" ಅಂತಿದ್ಲು. ಡೆನಿಮ್, ಸ್ಪಂಜು, ಲೈನಿಂಗು ಮೂರೂ ಸೇರಿಸಿ ಹೊಲಿಯುವಾಗ ವಾಕಿಂಗ್ ಫುಟ್ ಹಾಕಿದ್ಮೇಲೆ ಜಾರೋದು ನಿಲ್ತು. ಪಿನ್ ಹಾಕೋ ಸಮಯ ಉಳೀತು. ಆದರೆ ಗುಡ್ಡ ಹತ್ತೋಕೆ ರಟ್ಟೇ ಬೇಕಾಯ್ತು. ಸೂಜಿಗೆ ಚುಚ್ಚೋ ಬಲ ಯಾವ ಫುಟ್ಟೂ ಕೊಡಲ್ಲ, ಇದನ್ನ ಮಾರೋರು ಯಾರೂ ಹೇಳಲ್ಲ.

40 ರೂಪಾಯಿಯ ಒಂಟಿ ಕಾಲಿನ ಜಿಪ್ ಫುಟ್ ಮಾತ್ರ ಬಂಗಾರ. ಜಿಪ್ಪಿಗೆ ಅಂತ ತಂದಿದ್ದು, ಕೊನೆಗೆ ಎಲ್ಲೆಲ್ಲಿ ಒಂದು ಬದಿ ದಪ್ಪ ಒಂದು ಬದಿ ತೆಳು ಇದೆಯೋ ಅಲ್ಲೆಲ್ಲಾ ಅದೇ. ದಪ್ಪದ ಮೇಲೆ ಹತ್ತೋ ಗೋಜಿಲ್ಲ, ಪಕ್ಕದಲ್ಲೇ ಓಡುತ್ತೆ. ಪೈಪಿಂಗ್‌ಗೂ ಅದೇ.

ಬ್ಯಾಗಿನ ತಳಕ್ಕೆ ರೆಕ್ಸಿನ್ ಇತ್ತು. ಕಬ್ಬಿಣದ ಫುಟ್ ರೆಕ್ಸಿನ್‌ಗೆ ಅಂಟಿಕೊಂಡು ಮುಂದಕ್ಕೇ ಹೋಗಲ್ಲ. ಚಕ್ರ ಇರೋ ರೋಲರ್ ಫುಟ್ 90 ರೂಪಾಯಿ, ಚೆನ್ನಾಗಿ ಓಡ್ತು. ಟೆಫ್ಲಾನ್ ಫುಟ್ ಅಂತಲೂ ಬರುತ್ತೆ. ಎರಡೂ ಇಲ್ಲದ ದಿನ ಅಮ್ಮ ಪೇಪರ್ ಪಟ್ಟಿ ಮೇಲಿಟ್ಟು ಹೊಲಿದು ಆಮೇಲೆ ಹರಿದು ತೆಗೆದಿದ್ಲು, ಅದೂ ನಡೆಯುತ್ತೆ. ರೆಕ್ಸಿನ್‌ಗೆ ಪಿನ್ ಚುಚ್ಚಬೇಡಿ, ತೂತು ಹೋಗಲ್ಲ. ಬಟ್ಟೆ ಒಣಗಿಸೋ ಕ್ಲಿಪ್ ಹಾಕಿ.

ಒಟ್ಟು: ಸೂಜಿ 240, ವಾಕಿಂಗ್ ಫುಟ್ 640, ಜಿಪ್ ಫುಟ್ 40, ರೋಲರ್ 90. 1,010 ರೂಪಾಯಿ. ನನ್ನ ದಡ್ಡತನದ ಡಬ್ಬಿ ಸೇರಿಸಿದ್ರೆ 1,809. ಹೇಳಿದ ದಿನಕ್ಕೆ 52 ಬ್ಯಾಗ್ ಕೊಟ್ವಿ, ಉಳಿದ ಎಂಟು ಎರಡು ದಿನ ತಡ. ಅಂಗಡಿಯವರು ಗೊಣಗಿದ್ರು, ದುಡ್ಡು ಪೂರ್ತಿ ಕೊಟ್ರು. ಆ 54 ಬ್ಯಾಗಿಗೆ ಮುರಿದ ಸೂಜಿ ಮೂರು.

ಭಾಗ 7

ಹಿಂದಿನ ಭಾಗಕ್ಕೆ ಒಬ್ಬರು "ಬ್ರೋ, ಇಂಡಸ್ಟ್ರಿಯಲ್ ಇಂಡಸ್ಟ್ರಿಯಲ್ಲೇ" ಅಂತ ಕಾಮೆಂಟ್ ಹಾಕಿದ್ರು. ನಾನೂ ಒಪ್ತೀನಿ. ನಮ್ಮೂರ ಘಟಕಗಳಲ್ಲಿ ದಿನಕ್ಕೆ ನೂರಾರು ಪ್ಯಾಂಟ್ ಹೊಲೀತಾರೆ, ಕಾಲಿನ ಹೊಲಿಗೆಗೇ ಬೇರೆ ಮಷಿನ್ ಇರುತ್ತೆ, ಬಟ್ಟೆ ಕೊಳವೆ ಥರ ತೋಳಿನ ಮೇಲೆ ಸುತ್ತಿಕೊಂಡು ಹೋಗುತ್ತೆ. ಅಲ್ಲಿ ಹೋಗಿ ರಟ್ಟು ಇಡಿ ಅಂದ್ರೆ ಬೈತಾರೆ. ಚರ್ಮದ ಬೆಲ್ಟು, ಟಾರ್ಪಾಲ್ ಇವೂ ಮನೆ ಮಷಿನ್‌ಗಲ್ಲ. ಒಂದು ಗುರುತು ಹೇಳ್ತೀನಿ: ಫುಟ್ ಪೂರ್ತಿ ಎತ್ತಿದ್ರೂ ಬಟ್ಟೆ ಕೆಳಗೆ ತೂರದಿದ್ರೆ ಅಲ್ಲಿಗೆ ಬಿಡಿ. ಬಲವಂತ ಮಾಡಿದ್ರೆ ಸೂಜಿ ಶಟಲ್ ಹೊಂದಾಣಿಕೆ ತಪ್ಪಿ, ನಾಳೆ ಬ್ಲೌಸೂ ಹೊಲಿಯೋಕಾಗಲ್ಲ. ಪ್ರತಿ ತಿಂಗಳು ದಪ್ಪ ಬಟ್ಟೆ ಕೆಲಸ ಖಾಯಂ ಬರುತ್ತೆ ಅಂದ್ರೆ ಅಮ್ಮನಿಗೂ ಇಂಡಸ್ಟ್ರಿಯಲ್ ತಗೊಳ್ಳೋಣ, ಆಗ ಮೇಲಿನ ಲೆಕ್ಕವೇ ಬೇರೆ ಆಗುತ್ತೆ.

ನನ್ನ ತಕರಾರು ಮಷಿನ್ ಮೇಲಲ್ಲ, ಕ್ರಮದ ಮೇಲೆ. ಮನೇಲಿ ಹೊಲಿಯೋ ಹೆಣ್ಣುಮಕ್ಕಳಿಗೆ ಮೊದಲು ಸಾಲ ತೋರಿಸ್ತಾರೆ, ಸೂಜಿ ಆಮೇಲೆ. ನೆರವು ಕೊಡೋ ಯೋಜನೆಗಳಿಗೂ ಇದನ್ನೇ ಹೇಳ್ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. 15,000 ರೂ.ವರೆಗೆ ಟೂಲ್‌ಕಿಟ್ ನೆರವು, ಶೇ. 5 ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಒಳ್ಳೇದೇ. ಅರ್ಜಿ ಹಾಕೋರು ಹಾಕಿ. ಆದರೆ ಇಂಥಾ ಯಾವುದೇ ನೆರವಲ್ಲಿ ಮಷಿನ್ ಜೊತೆ ನಾಲ್ಕು ಫುಟ್, ಮೂರು ಸೈಜಿನ ಸೂಜಿ, ಮತ್ತೆ ಅವನ್ನ ಹೇಗೆ ಹಾಕೋದು ಅಂತ ಅರ್ಧ ದಿನದ ಪಾಠ ಸೇರಿಸಿದ್ರೆ ಎಷ್ಟು ಜನರ ಕಂತು ಉಳಿಯುತ್ತೆ! ಟೈಲರಿಂಗ್ ಕ್ಲಾಸ್ ನಡೆಸೋ ಅಕ್ಕಂದಿರು ಇಲ್ಲಿ ಇದ್ರೆ ದಯವಿಟ್ಟು ಒಂದು ದಿನ ಬ್ಲೌಸ್ ಬಿಟ್ಟು ಜೀನ್ಸ್ ಪ್ಯಾಂಟ್ ಬಾಟಮ್ ಮಡಚೋದು ಹೇಳ್ಕೊಡಿ. ಬೀದಿಯಲ್ಲಿ ಆ ಕೆಲಸಕ್ಕೆ ಗಿರಾಕಿ ಇದ್ದಾರೆ.

ಕಂಪನಿ ಬ್ಯಾಲೆನ್ಸ್ ಶೀಟಲ್ಲಿ ಲೂಸ್ ಟೂಲ್ಸ್ ಅಂತ ಒಂದು ಸಾಲು ಇರುತ್ತೆ, ದಾಸ್ತಾನಿನ ಕೆಳಗೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅದೇನು ಅಂತ ಯೋಚನೆ ಮಾಡಿರಲಿಲ್ಲ. ಈಗ ಅಮ್ಮನ ಮಷಿನ್ ಡ್ರಾಯರ್ ಎಳೆದ್ರೆ ಕಾಣುತ್ತೆ: ಜಿಪ್ ಫುಟ್, ರೋಲರ್, ಅರ್ಧ ಗಣಪತಿ.

ಮೊನ್ನೆ ಪಕ್ಕದ ಬೀದಿ ಹುಡುಗ ಎರಡು ಜೀನ್ಸ್ ತಂದು, "ಆಂಟಿ, ಮೂರು ಇಂಚು ಕಮ್ಮಿ ಮಾಡ್ಬೇಕು, ಆಗುತ್ತಾ?" ಅಂದ. ಮೊದಲಾಗಿದ್ರೆ ಅಮ್ಮ ಬೇರೆ ಅಂಗಡಿ ತೋರಿಸ್ತಿದ್ಲು. "ಇಟ್ಟೋಗಪ್ಪ, ಸಾಯಂಕಾಲ ಬಾ" ಅಂದ್ಲು. ಒಂದಕ್ಕೆ 50 ರೂಪಾಯಿ.

ನಿಮ್ಮ ಮನೆ ಮಷಿನ್‌ದು ಲೋ ಶ್ಯಾಂಕಾ ಹೈ ಶ್ಯಾಂಕಾ ಗೊತ್ತಾಗ್ತಿಲ್ಲ ಅಂದ್ರೆ ಫುಟ್ ಇಳಿಸಿ, ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೋ ಕಳಿಸಿ, ಅಮ್ಮನಿಗೆ ತೋರಿಸಿ ಹೇಳ್ತೀನಿ. 32ರ ಡಬ್ಬಿ ಯಾರಿಗಾದ್ರೂ ಬೇಕಿದ್ರೆ ಅದನ್ನೂ ಕೇಳಿ. ಜಿಗ್‌ಜಾಗ್ ಮಷಿನ್ ಇರೋರು ಮಾತ್ರ.

#ಅಮ್ಮನಮಷಿನ್ #ಬಳ್ಳಾರಿಜೀನ್ಸ್ #ಹೊಲಿಗೆ #ಬಿಕಾಂಲೆಕ್ಕ